ಜಟ್ಟ ದೊಡ್ಡಪ್ಪನ ಕಾಯಿ

ಎಣ್ಣೆ ಜಾಸ್ತಿಯಾಗಿದೆ, ಅರಿಶಿಣಕ್ಕೆ ಇಷ್ಟು ಎಣ್ಣೆ ಯಾರಾದರೂ ಕಲಸುತ್ತಾರಾ, ಕಾಯಿ ಕೈಯಲ್ಲಿ ನಿಲ್ಲುವುದೇ ಇಲ್ಲ, ಹಾವುಮೀನಿನ ಹಾಗೆ ಜಾರುತ್ತದೆ — ಸುಧಾಕರ ಅದನ್ನು ಎಡಗೈಗೆ ದಾಟಿಸಿ ಬಲಗೈಯನ್ನು ಪಂಚೆಗೆ ಒರೆಸಿಕೊಂಡ, ಹೊಸ ಪಂಚೆ, ಹಳದಿ ಬೆರಳು ಐದೂ ಮೂಡಿದವು, ಕಮಲಿ ನೋಡಿದಳು, ಬೈಯಲಿಲ್ಲ, ಆರತಿ ತಟ್ಟೆ ಹಿಡಿದ ಹೆಂಗಸರ ಸಾಲಿನಲ್ಲಿ ನಿಂತು ಗಂಡನಿಗೆ ಬೈದರೆ ಚಂದ ಕಾಣುವುದಿಲ್ಲ, ಮನೆಗೆ ಹೋದ ಮೇಲೆ ಅಂತ ಸೆರಗಿಗೆ ಕಟ್ಟಿ ಇಟ್ಟುಕೊಂಡಿರಬೇಕು, ಮಳೆ ಒಂದು ಗಳಿಗೆ ಬಿಟ್ಟಿದೆ, ಹೊನ್ನಾವರದ ಕಾಸರಕೋಡಿನ ದಡದ ತುಂಬ ಜನ, ಸಮುದ್ರ ಕೆಸರು ಬಣ್ಣದ್ದು, ಒಣಮೀನಿನ ಚಪ್ಪರಗಳೆಲ್ಲ ಖಾಲಿ, ಆದರೂ ವಾಸನೆ ಇದೆ, ಈ ವಾಸನೆಗೆ ಮೀನು ಬೇಕಂತಿಲ್ಲ, ಮೀನುಗಾರರ ಸಂಘದ ಶಾಂತಾರಾಮಣ್ಣ ಮೈಕನ್ನು ಕುಟ್ಟುತ್ತಿದ್ದಾನೆ, ಹಲೋ ಹಲೋ, ಕೇಳ್ತದನಾ, ಕೇಳುತ್ತದೆ ಮಾರಾಯ, ಬೇಗ ಮುಗಿಸು, ಈ ಭುಜ ಇಟ್ಟುಕೊಂಡು ಎಷ್ಟು ಹೊತ್ತು ನಿಲ್ಲುವುದು. ಭುಜ. ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ, ಮಳೆಗಾಲಕ್ಕೆ ಮೊದಲೇ ಹಿಡಿದುಕೊಂಡದ್ದು, ಕುಮಟೆಯ ಡಾಕ್ಟರು ಬೆರಳನ್ನು ಗೋಡೆಗೆ ಹಚ್ಚಿ ಹಲ್ಲಿಯ ಹಾಗೆ ಸ್ವಲ್ಪ ಸ್ವಲ್ಪ ಮೇಲೆ ಹತ್ತಿಸಿ ಅಂದರು, ದಿನಾ ಬೆಳಿಗ್ಗೆ ಹತ್ತಿಸಿದ, ಗೋಡೆಗೆ ಬೆರಳ ಗುರುತು ಬಿತ್ತು, ಕೈ ಮೇಲೆ ಹೋಗಲಿಲ್ಲ, ಮನೆಯಲ್ಲಿದ್ದ ಹಲ್ಲಿ ಮಾತ್ರ ತನಗೊಬ್ಬ ಪೈಪೋಟಿಗೆ ಬಂದ ಅಂತ ಬೇಸರ ಮಾಡಿಕೊಂಡು ಪಕ್ಕದ ಮನೆಗೆ ಹೋಯಿತು. ಈಗ ಈ ಕೈಯಲ್ಲಿ ಕಾಯಿ ಎಸೆಯಬೇಕು. ಇವತ್ತು ನೂಲು ಹುಣ್ಣಿಮೆ, ಸಮುದ್ರಕ್ಕೆ ಕಾಯಿ ಹಾಕುವ ದಿನ, ಹಾಕುವುದು ಅಂದರೆ ಹೋಗಿ ಇಟ್ಟು ಬರುವುದಲ್ಲ, ದಡದಲ್ಲಿ ನಿಂತು ಎಸೆಯಬೇಕು, ಸುಲಿಯದ ಇಡೀ ಕಾಯಿ, ಅದು ಅಲೆ ದಾಟಿ ಆಚೆ ಬೀಳಬೇಕು, ಹೆಂಗಸರ ತಟ್ಟೆಯಲ್ಲಿ ದೀಪ ಆರುವ ತನಕ ದಡಕ್ಕೆ ವಾಪಸು ಬರಬಾರದು, ಬಂದರೆ ಸಮುದ್ರ ಆ ಕೈಯನ್ನು ಒಲ್ಲೆ ಅಂದ ಹಾಗೆ, ಆ ಮನೆಯವರು ಮತ್ತೆ ಕಾಯಿ ಮುಟ್ಟುವ ಹಾಗಿಲ್ಲ, ಮುಂದಿನ ವರ್ಷದಿಂದ ಕಾಯಿ ಬೇರೆ ಮನೆಗೆ, ಬೇರೆ ಮನೆ ಅಂದರೆ ಈರನ ಮನೆ, ಈರ ಅಲ್ಲೇ ನಿಂತಿದ್ದಾನೆ, ಬಾಯಲ್ಲಿ ಎಲೆಯಡಿಕೆಯ ಕವಳ, ತೋಳು ತಿರುಗಿಸುತ್ತಿದ್ದಾನೆ, ಸುಮ್ಮನೆ ಮೈ ಮುರಿದ ಹಾಗೆ, ಅವನ ಭುಜ ಚೆನ್ನಾಗಿದೆ, ದೇವರು ಭುಜ ಕೊಡುವಾಗ ಮುಖ ನೋಡಿ ಕೊಡುವುದಿಲ್ಲ.

ಕೊಟ್ಟುಬಿಡಬಹುದಿತ್ತು. ಹೋಳಿ ಕಳೆದ ಮೇಲೆ ಜಟ್ಟ ದೊಡ್ಡಪ್ಪ ತೀರಿಕೊಂಡಾಗಲೇ, ಈ ವರ್ಷ ನಮಗೆ ಹಬ್ಬ ಇಲ್ಲ, ಈರನೇ ಹಾಕಲಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು, ಹೇಳಿಯೂ ಹೇಳಿದ್ದ, ಆದರೆ ಶಾಂತಾರಾಮಣ್ಣ ಜಗಲಿಯ ಮೇಲೆ ಕೂತು ಚಾ ಕುಡಿದು, ಸಮುದ್ರಕ್ಕೆ ಎಂತ ಸೂತಕ ಮಾರಾಯ, ಜಟ್ಟಣ್ಣನ ಕೈ ಇದ್ದ ಮನೆ ಇದು, ನೀನೇ ಹಾಕ್ಬೇಕು ಅಂದ, ಕಮಲಿ ಚಾ ಲೋಟ ಎತ್ತಿಕೊಂಡು ಹೋಗುವಾಗ ಗಂಡನ ಭುಜ ನೋಡಿದಳು. ಜಟ್ಟಣ್ಣನ ಕೈ. ಈ ದಡದಲ್ಲಿ ಅದು ಒಂದು ಅಳತೆ, ದೋಣಿ ಎಷ್ಟು ದೂರ ಇದೆ ಅಂದರೆ ಜಟ್ಟನ ಕೈಯಷ್ಟು ದೂರ ಅನ್ನುತ್ತಾರೆ, ಈಗ ಮೈಕಿನಲ್ಲಿಯೂ ಅದೇ ಬರುತ್ತಿದೆ, ನಮ್ಮ ಜಟ್ಟಣ್ಣ ಎಸೆದ ಒಂದು ಕಾಯಿ ಹೋಗಿ ಹೋಗಿ ನಡುಸಮುದ್ರದ ನೇತ್ರಾಣಿ ಗುಡ್ಡಕ್ಕೆ ತಾಗಿ ಅಲ್ಲಿ ಮೊಳಕೆ ಒಡೆದು ಮರವಾಗಿ, ಭಟ್ಕಳ ಕಡೆಯ ತೆಂಗಿನಗುಂಡಿಯ ದೋಣಿಯವರು ಆ ಮರದ ಎಳನೀರು ಕುಡಿದು ಬಂದು ಹೇಳಿದ್ದಾರೆ — ಸುಧಾಕರನಿಗೆ ಅಯ್ಯೋ ಅನಿಸಿತು, ಇದು ಅವನದೇ ಸುಳ್ಳು, ಒಂದು ಮಳೆಗಾಲ ದೋಣಿ ಇಳಿಸಲಾಗದೆ ಬಲೆ ಹೊಲಿಯುತ್ತ ಕೂತಾಗ ಹೊತ್ತು ಹೋಗದೆ ಹೇಳಿದ್ದು, ಆಗ ಅದರಲ್ಲಿ ಎಳನೀರು ಇರಲಿಲ್ಲ, ಯಾರೋ ನಡುವೆ ಸೇರಿಸಿದ್ದಾರೆ, ಸುಳ್ಳು ಮನೆ ಬಿಟ್ಟು ಹೋಗಿ ದುಡಿದು ಮೈ ಕೈ ತುಂಬಿಕೊಂಡು ಊರಿಗೆ ಬಂದಿದೆ, ಹೆತ್ತವನನ್ನು ಗುರುತಿಸುವುದಿಲ್ಲ. ದೊಡ್ಡಪ್ಪ ಇಲ್ಲಿ ನಿಂತು ಊಟಕ್ಕೆ ಕರೆದರೆ ಕುಮಟೆಯಲ್ಲಿ ಯಾರೋ ಕೈ ತೊಳೆದು ಎಲೆ ಮುಂದೆ ಕೂತರು ಅನ್ನುವುದೂ ಅವನದೇ, ಅದನ್ನೂ ಹೇಳುತ್ತಾನೆ ಈಗ ಶಾಂತಾರಾಮಣ್ಣ, ಹೇಳಿದ, ಜನ ತಲೆ ಆಡಿಸಿದರು, ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಯಾಸ. ಸುಳ್ಳು ಹೇಳುವುದು ಆಯಾಸವಲ್ಲ, ಅದು ಗಾಳಿ ಬಂದ ಕಡೆ ಹೋಗುತ್ತದೆ, ತಾನು ಹೇಳಿದ ಸುಳ್ಳನ್ನು ಕೈ ಮುಗಿದುಕೊಂಡು ನಿಂತು ಕೇಳುವುದು ಆಯಾಸ.

ನಿಜವಾದದ್ದು ಎಂತ ಹಾಗಾದರೆ. ನಿಜವಾಗಿ ದೊಡ್ಡಪ್ಪ ರಂಪಣಿ ಬಲೆಯ ಕಾಲದವನು, ಆ ಬಲೆ ಅಂದರೆ ದಡದಿಂದ ಹೊರಟು ಸಮುದ್ರವನ್ನು ಒಂದು ಸುತ್ತು ಹಾಕಿ ದಡಕ್ಕೇ ಬರುವಂಥದ್ದು, ಎರಡು ತುದಿ ಹಿಡಿದು ಊರಿಗೆ ಊರೇ ಎಳೆಯಬೇಕು, ದೊಡ್ಡಪ್ಪ ಎಳೆಯುವವನಲ್ಲ, ಹೊಯ್ಗೆ ದಿಬ್ಬದ ಮೇಲೆ ಕೆಂಪು ವಸ್ತ್ರ ಹಿಡಿದು ನಿಲ್ಲುವವನು, ಬಂಗಡೆ ಗುಂಪು ಬಂದರೆ ನೀರಿನ ಬಣ್ಣ ನೇರಳೆ ಹಣ್ಣಿನ ಸಿಪ್ಪೆಯ ಹಾಗಾಗುತ್ತದೆ, ಅದನ್ನು ನೋಡಿ ವಸ್ತ್ರ ಬೀಸಬೇಕು, ಎಡಕ್ಕೆ ಬೀಸಿದರೆ ದೋಣಿ ಎಡಕ್ಕೆ, ಇಳಿಸಿದರೆ ಬಲೆ ಬಿಡು, ಅಷ್ಟು ಹೊತ್ತು ಅವನ ಕಣ್ಣು ಮುಚ್ಚುವುದಿಲ್ಲ, ರೆಪ್ಪೆಯ ಮೇಲೆ ನೊಣ ಕೂತರೂ ಮುಚ್ಚುವುದಿಲ್ಲ, ಪುಟ್ಟ ಸುಧಾಕರ ಪಕ್ಕದಲ್ಲಿ ಕೂತು ಆ ನೊಣವನ್ನೇ ನೋಡುತ್ತಿದ್ದ, ಅಪ್ಪ ದಾಸ ಗೋವೆಯ ಬೋಟಿಗೆ ಹೋದವನು ಚೌತಿಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ, ಉಳಿದ ದಿನಕ್ಕೆಲ್ಲ ದೊಡ್ಡಪ್ಪನೇ ಅಪ್ಪ, ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಂದೇ ಪಾತ್ರೆಯ ಗಂಜಿ, ಒಂದೇ ಕೈಯ ಪೆಟ್ಟು. ಮತ್ತೆ ಜಗಳ. ಊರಲ್ಲಿ ಇಬ್ಬರು ಜಗಳ ಆಡಿದರೆ ದೊಡ್ಡಪ್ಪ ಪಂಚಾಯತಿ ಮಾಡುತ್ತಿರಲಿಲ್ಲ, ಒದ್ದೆ ಬಲೆಯನ್ನು ಬಿದಿರು ಗಳಕ್ಕೆ ಹಾಕಿ ಒಂದು ತುದಿ ಒಬ್ಬನ ಹೆಗಲಿಗೆ ಇನ್ನೊಂದು ತುದಿ ಇನ್ನೊಬ್ಬನ ಹೆಗಲಿಗೆ ಕೊಟ್ಟು, ಮನೆಗೆ ಹೊತ್ತು ಹಾಕಿ, ಆಮೇಲೆ ಮಾತಾಡ್ವ ಅನ್ನುತ್ತಿದ್ದ, ಒದ್ದೆ ಬಲೆ ಹೊತ್ತವರು ಹೆಜ್ಜೆ ಕೂಡಿಸದೆ ನಡೆಯಲಾಗುವುದಿಲ್ಲ, ಕೂಡಿಸದಿದ್ದರೆ ಬಲೆ ತೂಗಿ ಇಬ್ಬರನ್ನೂ ಬೀಳಿಸುತ್ತದೆ, ಎಡ ಬಲ ಎಡ ಬಲ ಅಂತ ಹೇಳಿಕೊಂಡು ಹೋದವರು ಮನೆ ಮುಟ್ಟುವಾಗ ಜಗಳ ಎಂತದ್ದು ಅನ್ನುವುದನ್ನೇ ಮರೆತಿರುತ್ತಿದ್ದರು, ಈರನನ್ನೂ ಸುಧಾಕರನನ್ನೂ ಎಷ್ಟು ಸಲ ಹೊರಿಸಿದ, ಹಾಗಾಗಿ ಇಬ್ಬರೂ ಇವತ್ತಿಗೂ ಒಂದೇ ಥರ ನಡೆಯುತ್ತಾರೆ, ಹಿಂದಿನಿಂದ ನೋಡಿದವರು ಅಣ್ಣತಮ್ಮ ಅನ್ನುತ್ತಾರೆ, ಇಬ್ಬರಿಗೂ ಸಿಟ್ಟು ಬರುತ್ತದೆ. ಭಟ್ಕಳದ ಒಣಮೀನು ವ್ಯಾಪಾರದ ಸಾಹೇಬರೊಬ್ಬರು ವರ್ಷಕ್ಕೊಂದು ಅತ್ತರಿನ ಬಾಟ್ಲಿ ಕೊಡುತ್ತಿದ್ದರು, ದೊಡ್ಡಪ್ಪ ಅದನ್ನು ಹಚ್ಚಿಕೊಂಡು ಇಡಗುಂಜಿಗೆ ನಡೆದು ಹೋಗುವನು, ಮೀನಿನ ವಾಸನೆಗೆ ಬೆಕ್ಕುಗಳು ಹಿಂದೆ ಬರುತ್ತಿದ್ದವು, ಅತ್ತರಿನ ವಾಸನೆಗೆ ಸೀನಿ ವಾಪಸು ಹೋಗುತ್ತಿದ್ದವು, ಇದೂ ಸುಳ್ಳಾ ನಿಜವಾ, ಈಗ ಸುಧಾಕರನಿಗೇ ಗೊತ್ತಿಲ್ಲ, ಒಂದು ಬೆಕ್ಕಂತೂ ಇತ್ತು.

ಟ್ರಾಲರ್ ಬಂದ ಮೇಲೆ ರಂಪಣಿ ಹೋಯಿತು, ಬಲೆ ಮಾಡಿನಡಿ ಇಲಿಗಳ ಪಾಲಾಯಿತು, ಕೆಂಪು ವಸ್ತ್ರ ಮಕ್ಕಳ ತೊಟ್ಟಿಲಿಗೆ ಹೋಯಿತು, ದೊಡ್ಡಪ್ಪನಿಗೆ ಉಳಿದದ್ದು ವರ್ಷಕ್ಕೊಂದು ಕಾಯಿ, ಆ ಒಂದು ದಿನ ಮಾತ್ರ ಊರು ಅವನ ಕೈ ನೋಡುತ್ತದೆ, ಅದಕ್ಕಾಗಿ ಆಷಾಢ ಪೂರ್ತಿ ಅಂಗಳದಲ್ಲಿ ಕಲ್ಲು ಎಸೆದು ಕೈ ಸಡಿಲ ಮಾಡಿಕೊಳ್ಳುತ್ತಿದ್ದ, ಆಮೇಲೆ ಕಣ್ಣಿಗೆ ಪೊರೆ ಬಂತು, ಆಪರೇಶನ್ ಮಾಡಿಸುವ ಅಂದರೆ, ಕಂಡದ್ದು ಸಾಕು, ಇನ್ನೂ ಎಂತ ಕಾಣೂದುಂಟು ಅಂದ, ಆಮೇಲೆ ಒಂದು ವರ್ಷ — ಆ ವರ್ಷ ಸುಧಾಕರ ನೀರಿಗೆ ಇಳಿದು ಮುಂದೆ ನಿಂತದ್ದು ಭಕ್ತಿಗಲ್ಲ, ಅಲೆ ವಾಪಸು ಹೋಗುವಾಗ ಕಾಲಡಿಯ ಹೊಯ್ಗೆ ಎಳೆಯುತ್ತದೆ, ಮುದುಕ ಬಿದ್ದರೆ ಹಿಡಿಯಬೇಕಲ್ಲ ಅಂತ, ಕಾಯಿ ತಲೆಯ ಮೇಲಿಂದ ಹಾರಿ ಹೋಗುವ ಸುಂಯ್ ಶಬ್ದಕ್ಕೆ ಕಾದ, ಬರಲಿಲ್ಲ, ಮುಂದೆ, ಇಲ್ಲಿ, ಎರಡು ಮಾರು ಆಚೆ ಪಚಕ್ ಅಂತ ಬಿತ್ತು, ಅಲೆ ಅದನ್ನು ಎತ್ತಿಕೊಂಡು ಬಂದು ಅವನ ಮೊಣಕಾಲಿಗೆ ತಾಗಿಸಿತು, ಹಸಿದ ಕರು ಬಂದು ತಾಗಿದ ಹಾಗೆ, ಬೆನ್ನ ಹಿಂದೆ ಇಡೀ ಊರು, ಇನ್ನೊಂದು ಅಲೆ ಬಂದರೆ ಕಾಯಿ ದೊಡ್ಡಪ್ಪನ ಕಾಲಿಗೇ ಹೋಗಿ ಬೀಳುತ್ತದೆ, ಸುಧಾಕರ ಯೋಚನೆ ಮಾಡಲಿಲ್ಲ, ಕಾಲು ಮಾಡಿತು, ಕಾಲು ಎದ್ದು ಕಾಯಿಯ ಮೇಲೆ ಕೂತು ಅದನ್ನು ಹೊಯ್ಗೆಗೆ ಒತ್ತಿತು. ಕೆಸರು ನೀರು, ನೊರೆ, ಯಾರಿಗೂ ಕಾಣಲಿಲ್ಲ. ಆದರೆ ಕಾಯಿ ಸತ್ತ ವಸ್ತುವಲ್ಲ, ನೀರಿನಡಿ ಅದಕ್ಕೆ ಜೀವ ಬರುತ್ತದೆ, ಅಂಗಾಲಿನಡಿಯಲ್ಲಿ ಅದು ಮೇಲೆ ಬರುತ್ತೇನೆ ಮೇಲೆ ಬರುತ್ತೇನೆ ಅನ್ನುತ್ತದೆ, ಎಡಕ್ಕೆ ಉರುಳುತ್ತದೆ, ಬಲಕ್ಕೆ ಉರುಳುತ್ತದೆ, ಒಂದು ಕಾಲ ಮೇಲೆ ಒಂದು ಊರಿನ ಮರ್ಯಾದೆ ಇಟ್ಟುಕೊಂಡು ಕೈ ಮುಗಿದು ಪಡುವಣಕ್ಕೆ ಮುಖ ಮಾಡಿ ನಿಂತ. ಹಿಂದಿನಿಂದ ದೊಡ್ಡಪ್ಪನ ಧ್ವನಿ, ಹೋತಾ ತಮಾ? ಹೋತು ದೊಡ್ಡಪ್ಪಾ. ದೂರ ಹೋತಾ? ಕಾಣೂದೇ ಇಲ್ಲ.

ಅಲ್ಲಿಂದ ಅದೇ ಕೆಲಸ. ದೊಡ್ಡಪ್ಪ ಎಸೆಯುವುದು, ಸುಧಾಕರ ಮೆಟ್ಟುವುದು, ಪ್ರತಿ ವರ್ಷ ಕಾಯಿ ಸ್ವಲ್ಪ ಹತ್ತಿರ ಬೀಳುತ್ತಿತ್ತು, ಅವನೂ ಸ್ವಲ್ಪ ಹತ್ತಿರ ನಿಲ್ಲುತ್ತಿದ್ದ, ದೀಪವೆಲ್ಲ ಆರಿ ಜನ ಕರಗಿ ಕೊನೆಯ ನಾಯಿಯೂ ಮನೆಗೆ ಹೋಗುವ ತನಕ ನೀರಲ್ಲೇ ನಿಲ್ಲಬೇಕು, ಶಾಂತಾರಾಮಣ್ಣ ಒಂದು ವರ್ಷ ಮೈಕಿನಲ್ಲಿ, ಸುಧಾಕರನ ಭಕ್ತಿ ನೋಡಿ ಕಲೀಬೇಕು, ಎಲ್ಲರೂ ಹೋದರೂ ಅವ ಸಮುದ್ರದಿಂದ ಬರೂದಿಲ್ಲ ಅಂದ, ಇನ್ನೊಂದು ವರ್ಷ ಕಾಯಿ ಜಾರಿ ಆಮೆಯ ತಲೆಯ ಹಾಗೆ ಪುಳಕ್ಕನೆ ಮೇಲೆ ಬಂತು, ಸುಧಾಕರ ಅದರ ಮೇಲೆ ಕೂತುಬಿಟ್ಟ, ಕುತ್ತಿಗೆ ತನಕ ನೀರು, ಬಾಯಲ್ಲಿ ಉಪ್ಪು, ಸಾಷ್ಟಾಂಗ ಹಾಕಿದ ಅಂತ ನಾಲ್ಕೈದು ಜನ ಅವನ ಹಿಂದೆ ಬಂದು ತಾವೂ ನೀರಲ್ಲಿ ಕೂತರು, ಈಗ ಅದೇ ಒಂದು ಪದ್ಧತಿಯಾಗಿದೆ. ಮನೆಗೆ ಬಂದರೆ ಕಮಲಿ ಬಿಸಿನೀರು ಕೊಟ್ಟು, ಕೆಮ್ಮು ಬಂದ್ರೆ ನಾ ನೋಡೂದಿಲ್ಲ ಹೇಳಿ, ಅವನು ಕಾಲು ಚಾಚಿ ಕೂತಾಗ ಬಲಗಾಲಿನ ಅಂಗಾಲು ನೋಡಿದಳು, ಎಣ್ಣೆ ಅರಿಶಿಣ ಉಪ್ಪುನೀರಿಗೂ ಬಿಟ್ಟಿರಲಿಲ್ಲ, ಎಡಗಾಲು ನೋಡಿದಳು, ಅದು ಬೆಳ್ಳಗೆ, ನಿಮ್ ಭಕ್ತಿ ಎಲ್ಲ ಒಂದೇ ಕಾಲ್ನಲ್ಲಿ ಇರೂದನಾ ಅಂದಳು, ಆರತಿ ತಟ್ಟೆ ಮೆಟ್ಟಿದೆ ಅಂದ, ಆತು ಅಂದಳು. ಮೀನು ಮಾರುವವಳು ಅವಳು, ಹೊನ್ನಾವರದ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತವಳು, ನಿನ್ನೆಯ ಮೀನನ್ನು ಇವತ್ತಿನದು ಅಂತ ಯಾರು ಹೇಳುತ್ತಾರೆ ಅಂತ ಕಿವಿರು ಎತ್ತದೆ ಗೊತ್ತಾಗುತ್ತದೆ, ಅವಳು ಆತು ಅಂದರೆ ಮುಗಿದದ್ದಲ್ಲ, ಇಟ್ಟುಕೊಂಡದ್ದು.

ಮತ್ತೆ ಹೋಳಿ ಆದ ಮೇಲಿನ ಆ ಮಧ್ಯಾಹ್ನ, ಸೆಕೆ, ಜಗಲಿಯಲ್ಲಿ ಚಾಪೆ, ದೊಡ್ಡಪ್ಪ ಚಾಪೆಗಿಂತ ತೆಳುವಾಗಿದ್ದ, ಎಂತ ಬೇಕು ಎಂತ ಬೇಕು ಅಂತ ಎಲ್ಲರೂ ಕೇಳಿ ದಣಿದು ಒಳಗೆ ಹೋಗಿದ್ದರು, ಸುಧಾಕರ ಅಡಿಕೆಹಾಳೆಯಲ್ಲಿ ಗಾಳಿ ಬೀಸುತ್ತಿದ್ದ, ಭುಜ ಆಗಲೇ ಚುಳುಕ್ ಅನ್ನಲು ಶುರುವಾಗಿತ್ತು, ದೊಡ್ಡಪ್ಪನ ಕೈ ತಡಕಾಡಿ ಬಂತು, ಅವನ ಕೈಗಲ್ಲ, ಕಾಲಿಗೆ, ಬಲಗಾಲು ಹಿಡಿದು ಅಂಗಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ, ಮೀನು ಮೆತ್ತಗಾಗಿದೆಯೋ ಅಂತ ನೋಡುವ ಹಾಗೆ, ಈಗ್ಲೂ ಜಾರ್ತದನಾ ಅಂದ. ಎಂತದು ದೊಡ್ಡಪ್ಪಾ. ಕಾಯಿ ತಮಾ. ಗಾಳಿ ಬೀಸುವುದು ನಿಂತಿತು. ಹಿಮ್ಮಡಿ ಒತ್ತೂದಲ್ಲ, ಹಿಮ್ಮಡಿ ಒತ್ರೆ ಮುಂದೆ ಹಾರ್ತದೆ, ಉಂಗುಷ್ಟದಲ್ಲಿ ಹಿಡಿ, ನನ್ನ ಅಪ್ಪ ಎಸೀತಿದ್ದಾಗ ನೀರಲ್ಲಿ ನಿಂತವ ಯಾರು ಅಂತ ಮಾಡಿದ್ದೆ ನೀನು. ಅಷ್ಟೇ. ನಗುತ್ತಿದ್ದನಾ, ಹಲ್ಲಿಲ್ಲದ ಬಾಯಿ, ಹೇಗೂ ನಕ್ಕ ಹಾಗೇ ಇರುತ್ತಿತ್ತು, ಆಮೇಲೆ ಮಾತಾಡಲಿಲ್ಲ, ಸಂಜೆಯೊಳಗೆ ಹೋದ. ಕೊನೆಯ ಮಾತು ಎಂತ ಅಂದ ಅಂತ ಊರೆಲ್ಲ ಕೇಳಿತು, ಉಂಗುಷ್ಟದಲ್ಲಿ ಹಿಡಿ ಅಂದ ಅಂತ ಹೇಳಲಾಗುತ್ತದಾ, ಇಡಗುಂಜಿ ಗಣಪತಿಯ ಹೆಸರು ಹೇಳಿದ ಅಂದ ಸುಧಾಕರ, ಈಗ ಮೈಕಿನಲ್ಲಿ ಅದೂ ಬಂತು, ಗಣಪತಿಯ ಹೆಸರು ಹೇಳುತ್ತಲೇ ಜೀವ ಬಿಟ್ಟ ಪುಣ್ಯವಂತ, ಅವನು ಹೇಳಿದ ಸುಳ್ಳನ್ನೆಲ್ಲ ಊರು ನಂಬಿದೆ, ನಿಜ ಒಂದೇ ಒಂದು, ಅದನ್ನು ಹೇಳಿದರೆ ನಗುತ್ತಾರೆ, ನಕ್ಕು, ಇದೂ ಸುಧಾಕರನ ಕಥೆ ಅನ್ನುತ್ತಾರೆ, ಅಲ್ಲದಿದ್ದರೆ ನಂಬುತ್ತಾರೆ, ನಂಬಿದರೆ ಇನ್ನೂ ಕಷ್ಟ, ಜಟ್ಟನ ಕೈ ಅನ್ನುವ ಅಳತೆಯೇ ಹೋಗುತ್ತದೆ, ದೋಣಿ ಎಷ್ಟು ದೂರ ಅಂತ ಏನು ಹೇಳುವುದು.

ಇನ್ನು ಕಾಯಿ ಹಾಕಬೇಕು ಅಂದ ಶಾಂತಾರಾಮಣ್ಣ, ಮೈಕು ಕಿರುಚಿತು. ಮುಂದೆ ನೀರು, ನೀರಲ್ಲಿ ಯಾರೂ ಇಲ್ಲ. ಅದು ಈಗ ಹೊಳೆಯಿತು, ಇಷ್ಟು ದಿನ ಭುಜ ಭುಜ ಅಂತ ಗೋಡೆ ಹತ್ತಿಸಿದ್ದೇ ಆಯಿತು, ಬೇಕಾದದ್ದು ಭುಜವಲ್ಲ, ದೊಡ್ಡಪ್ಪನಿಗೆ ಇವನಿದ್ದ, ದೊಡ್ಡಪ್ಪನ ಅಪ್ಪನಿಗೆ ದೊಡ್ಡಪ್ಪ ಇದ್ದ, ಇವನಿಗೆ ಯಾರು, ಯಾರಿಗೂ ಹೇಳಿಲ್ಲ, ಹೇಳುವಂಥದ್ದಲ್ಲ ಅದು, ನೋಡಿ ತಾನಾಗಿ ಇಳಿಯುವಂಥದ್ದು, ಹೆಂಗಸರ ಸಾಲು ಇದೆ, ದೀಪ ಗಾಳಿಗೆ ಬಾಗುತ್ತಿದೆ, ಆರು ಆರು ಅಂತ ಮನಸ್ಸಿನಲ್ಲಿ ದೀಪಗಳಿಗೆ ಕೈ ಮುಗಿದ, ಒಂದೂ ಆರಲಿಲ್ಲ, ಕಮಲಿ ಸಾಲಿನಲ್ಲಿದ್ದಾಳೆ, ಇಲ್ಲ, ಇದ್ದಳಲ್ಲ ಈಗ — ಎತ್ತಿದ, ಕೈ ಕಿವಿಯ ತನಕ ಬಂತು, ಅಲ್ಲಿ ನಿಂತಿತು, ಭುಜದಲ್ಲಿ ಏಡಿ ಕಚ್ಚಿ ಹಿಡಿದ ಹಾಗೆ, ಬಿಡು, ಬಿಟ್ಟ, ಕಾಯಿ ಹಾರಲಿಲ್ಲ, ಎಣ್ಣೆಗೆ ಜಾರಿ ಹೋಯಿತು, ಹೋದದ್ದು ಎಷ್ಟು ದೂರ, ಅಯ್ಯೋ, ಮನೆಯ ಹೊಸ್ತಿಲಿಂದ ಒಲೆಯಷ್ಟು ದೂರ, ಪಚಕ್, ಅದೇ ಶಬ್ದ, ಕಣ್ಣು ಮುಚ್ಚಿಕೊಂಡ, ಈಗ ಅಲೆ ಬರುತ್ತದೆ, ಎತ್ತಿಕೊಳ್ಳುತ್ತದೆ, ತಂದು ಕಾಲ ಬುಡಕ್ಕೆ ಹಾಕುತ್ತದೆ, ತಗೋ ನಿನ್ನದು ಅಂತ, ಈರ ಕವಳ ಉಗುಳಿ ಮುಂದೆ ಬರುತ್ತಾನೆ, ಬರಲಿ, ಸಾಕು, ಮುಗಿದರೆ ಸಾಕು, ಮುಂದಿನ ವರ್ಷ ಮನೆಯಲ್ಲಿ ಮಲಗಬಹುದು, ಆದರೆ ಕೆಂಪು ವಸ್ತ್ರ, ದಿಬ್ಬ, ರೆಪ್ಪೆಯ ಮೇಲಿನ ನೊಣ — ಅಲೆ ಬಂತು, ಪಾದ ತೊಳೆಯಿತು, ಬರೀ ನೀರು. ಇನ್ನೊಂದು ಅಲೆ. ಬರೀ ನೀರು. ಕಣ್ಣು ಬಿಟ್ಟ.

ಹೋತಾ ಅಂದ ಈರ, ಕತ್ತು ಉದ್ದ ಮಾಡಿ. ಸುಧಾಕರನ ಬಾಯಿಗೆ ಸುಳ್ಳು ಬರಲಿಲ್ಲ, ಇಷ್ಟು ವರ್ಷದಲ್ಲಿ ಮೊದಲ ಸಲ, ಹುಡುಕಿದ, ಇಲ್ಲ, ನಿಜವೂ ಇಲ್ಲ, ನೀರಿನಲ್ಲಿ ಕಮಲಿ ನಿಂತಿದ್ದಾಳೆ, ಮೊಣಕಾಲಿನ ಮೇಲೆ ನೀರು, ಹೊಸ ಸೀರೆಯ ಅಂಚು ತೇಲುತ್ತಿದೆ, ಊರಿಗೆ ಬೆನ್ನು, ಆರತಿ ತಟ್ಟೆ ಎರಡೂ ಕೈಯಲ್ಲಿ, ಪಡುವಣಕ್ಕೆ ಮುಖ, ಹೋತು ಅಂದಳು, ತಿರುಗದೆ, ಪೇಟೆಯಲ್ಲಿ ಗಿರಾಕಿಗೆ ಹೇಳುವ ಧ್ವನಿಯಲ್ಲಿ, ಹೋತು, ಕಾಣೂದೇ ಇಲ್ಲ. ಜನ ಹೋ ಅಂದರು, ಮೈಕು ಜಟ್ಟಣ್ಣನ ಮನೆಯ ಕೈ ಅಂದಿತು, ಯಾರೋ ಸುಧಾಕರನ ನೋಯುವ ಭುಜ ತಟ್ಟಿದರು, ನೋವು ಎಲ್ಲೋ ದೂರದಲ್ಲಿ ಆಯಿತು, ಅವನಿಗೆ ಕಾಣುವುದು ಒಂದೇ, ಅವಳು ನೆಟ್ಟಗೆ ನಿಂತಿಲ್ಲ, ಎಡಭುಜ ಕೆಳಗೆ, ಬಲಭುಜ ಮೇಲೆ, ಬಲಗಾಲಿನಡಿ ಏನೋ ಇದ್ದವರ ಹಾಗೆ, ಇಡೀ ಮೈ ಒಂದು ಬದಿಗೆ ವಾಲಿ, ಅಲೆ ಬಂದಾಗ ಸ್ವಲ್ಪ ತೂಗಿ, ಮತ್ತೆ ಒತ್ತಿ, ತಟ್ಟೆಯ ದೀಪ ಇನ್ನೂ ಉರಿಯುತ್ತಿದೆ, ಹಿಮ್ಮಡಿ ಅಲ್ಲ ಮಾರಾಯ್ತಿ, ಉಂಗುಷ್ಟ, ಹೇಳಬೇಕು, ಇಲ್ಲಿಂದ ಹೇಳಲಾಗುವುದಿಲ್ಲ, ಅವಳ ಭುಜ ಒಂದು ಕೂದಲೆಳೆ ಮೇಲೆದ್ದಿತು, ಇಳಿಯಿತು, ನೀರಿನಡಿ, ಅವಳ ಅಂಗಾಲಿನಡಿ, ಕಾಯಿ, ಮೇಲೆ ಬರುತ್ತೇನೆ ಅನ್ನುವ ಕಾಯಿ, ಉಂಗುಷ್ಟ, ಕಮಲೀ, ಉಂಗುಷ್ಟ —